‘ಹಿಚ್‌ಕಾಕಿಯನ್’: ಒಂದು ವಿಶೇಷಣದ ದುರ್ವ್ಯವಹಾರ

ಸರಕಿನ ಚೀಲದ ಮೇಲೆ ಮುದ್ರೆ ಒತ್ತುವುದಕ್ಕೂ ಬರವಣಿಗೆಯಲ್ಲಿ ವಿಶೇಷಣವನ್ನು ಬಳಸುವುದಕ್ಕೂ ಹೆಚ್ಚಿನ ಅಂತರವಿಲ್ಲ. ಮುದ್ರೆಯನ್ನು ನೋಡಿ ಗಿರಾಕಿಯು ಚೀಲ ಬಿಚ್ಚಿಸದೆ ಹಣ ಕೊಡುತ್ತಾನೆ. ವಿಶೇಷಣವನ್ನು ಓದಿ ವಾಚಕನು ವಸ್ತುವನ್ನು ಪರೀಕ್ಷಿಸದೆ ನಂಬುತ್ತಾನೆ. ಎರಡರಲ್ಲಿಯೂ ನಂಬಿಕೆಯೇ ಬಂಡವಾಳ. ಆದುದರಿಂದ ಹೊರಗಿನ ಮುದ್ರೆ ಒಂದು, ಒಳಗಿನ ಸರಕು ಇನ್ನೊಂದು ಆದಾಗ ನಷ್ಟ ಒಬ್ಬ ಗಿರಾಕಿಯದು ಮಾತ್ರವಲ್ಲ. ಪೇಟೆಯ ಮರ್ಯಾದೆಯೇ ಹೋಗುತ್ತದೆ. ಕಳ್ಳ ತೂಕ, ಕಳ್ಳ ಅಳತೆಗಳನ್ನೂ ಅಸಲಿನ ಹೆಸರಿನಲ್ಲಿ ನಕಲನ್ನು ಮಾರುವ ಪ್ರತಿರೂಪಕ ವ್ಯವಹಾರವನ್ನೂ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ ಪೂರ್ವಾಚಾರ್ಯರು ಆ ಮಾತನ್ನು ಧಾನ್ಯಕ್ಕೂ ಬಂಗಾರಕ್ಕೂ ಮಾತ್ರ ಹೇಳಿದರೆಂದು ತಿಳಿಯಬೇಕಾಗಿಲ್ಲ. ಶಬ್ದಕ್ಕೂ ತೂಕವಿದೆ.

ಚಲನಚಿತ್ರ ವಿಮರ್ಶೆಯ ಪೇಟೆಯಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿರುವ ಒಂದು ಮುದ್ರೆ ‘ಹಿಚ್‌ಕಾಕಿಯನ್’ ಎಂಬುದು. ಕುತೂಹಲ ಮತ್ತು ಭೀತಿಯ ಚಿತ್ರಗಳಿಗೆ ಹೆಸರಾದ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಅವರ ಹೆಸರಿನಿಂದ ಹುಟ್ಟಿದ ಈ ವಿಶೇಷಣವು ಕನ್ನಡದಲ್ಲಿ ‘ಹಿಚ್‌ಕಾಕ್ ಶೈಲಿಯ’ ಎಂಬ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ನಿರ್ದೇಶಕರ ಹೆಸರುಗಳನ್ನು ವಿಶೇಷಣಗಳಾಗಿ ಮಾಡುವ ಪದ್ಧತಿ ಇಂಗ್ಲಿಷಿನಲ್ಲಿ ಎಷ್ಟು ಬೇರೂರಿದೆಯೆಂದರೆ, 2018ರಲ್ಲಿ ಆಕ್ಸ್‌ಫರ್ಡ್ ನಿಘಂಟು ಕ್ಯೂಬ್ರಿಕ್, ಸ್ಪೀಲ್‌ಬರ್ಗ್, ಲಿಂಚ್, ಟ್ಯಾರಂಟಿನೊ ಮುಂತಾದವರ ಹೆಸರುಗಳಿಂದಾದ ಶಬ್ದಗಳನ್ನು ಒಟ್ಟಿಗೆ ಸೇರಿಸಿಕೊಂಡಿತು. ಪದ್ಧತಿಯ ಬಗ್ಗೆ ತಕರಾರಿಲ್ಲ. ಒಂದು ಹೆಸರು ಒಂದು ಗುಣವನ್ನು ಖಚಿತವಾಗಿ ಸೂಚಿಸುವುದಾದರೆ ಅದು ಭಾಷೆಗೆ ಲಾಭವೇ. ತಕರಾರು ಇರುವುದು ಆ ಹೆಸರಿನ ಅಡಿಯಲ್ಲಿ ಇಂದು ಮಾರಾಟವಾಗುತ್ತಿರುವ ಸರಕಿನ ಬಗ್ಗೆ.

ಇಂದು ಯಾವ ಚಿತ್ರಕ್ಕೆ ಈ ಮುದ್ರೆ ಬೀಳುವುದಿಲ್ಲ? ಚೂರಿ ಹಿಡಿದ ಕೈಯೊಂದು ಕಾಣಿಸಿದರೆ ಅದು ಹಿಚ್‌ಕಾಕಿಯನ್. ಕೊನೆಯ ಐದು ನಿಮಿಷಗಳಲ್ಲಿ ಯಾರೂ ಊಹಿಸದವನು ಕೊಲೆಗಾರನೆಂದು ತಿಳಿದರೆ ಅದು ಹಿಚ್‌ಕಾಕಿಯನ್. ಕತ್ತಲ ಮೆಟ್ಟಿಲು, ಕಿರಿಚುವ ಪಿಟೀಲು, ಗೋಡೆಯ ಮೇಲೆ ಚಿಮ್ಮಿದ ರಕ್ತ, ಇವುಗಳಲ್ಲಿ ಯಾವುದೊಂದಿದ್ದರೂ ಸಾಕು, ಜಾಹೀರಾತಿನವನು ಆ ಹೆಸರನ್ನು ಅಂಟಿಸುತ್ತಾನೆ, ವಿಮರ್ಶಕನು ಅದನ್ನು ದೃಢೀಕರಿಸುತ್ತಾನೆ. ಗೃಹಸ್ಥನು ಅದನ್ನು ಓದಿ, ಇದು ಯಾವುದೋ ಶ್ರೇಷ್ಠ ಪರಂಪರೆಯ ಕೃತಿಯೆಂದು ಭಾವಿಸಿ, ಮಕ್ಕಳ ಮುಂದೆ ಮನೆಯ ಪರದೆಯ ಮೇಲೆ ಬಿಡಿಸುತ್ತಾನೆ. ಹೊರಬೀಳುವುದು ಎರಡು ಗಂಟೆಗಳ ನಿರ್ಲಜ್ಜ ಹಿಂಸೆ. ಮುದ್ರೆಗೂ ಸರಕಿಗೂ ಸಂಬಂಧವಿಲ್ಲವೆಂಬುದು ಅವನಿಗೆ ತಿಳಿಯುವ ಹೊತ್ತಿಗೆ ನೋಡಬಾರದ್ದನ್ನು ಮನೆಮಂದಿಯೆಲ್ಲ ನೋಡಿಯಾಗಿರುತ್ತದೆ.

ಮುದ್ರೆಯ ಒಡೆಯ

ಹಿಚ್‌ಕಾಕ್ ಹುಟ್ಟಿದ್ದು 1899ರ ಆಗಸ್ಟ್ 13ರಂದು, ಲಂಡನ್ನಿನ ಅಂಚಿನ ಲೇಟನ್‌ಸ್ಟೋನ್‌ನಲ್ಲಿ. ತಂದೆ ತರಕಾರಿ ಮತ್ತು ಕೋಳಿಯ ವ್ಯಾಪಾರಿ. ಕುಟುಂಬ ಕ್ಯಾಥೊಲಿಕ್ ಶ್ರದ್ಧೆಯದು. ಶಾಲೆ ಜೆಸೂಯಿಟ್ ಪಾದ್ರಿಗಳದು. ತಂತಿ ಸಾಮಗ್ರಿ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ ಮಾಡಿ, ಮೂಕಿ ಚಿತ್ರಗಳ ಅಕ್ಷರಫಲಕಗಳನ್ನು ಬರೆಯುವ ಕೆಲಸದಿಂದ ಚಿತ್ರರಂಗವನ್ನು ಪ್ರವೇಶಿಸಿದ ಅವರು 1927ರ ‘ದಿ ಲಾಡ್ಜರ್’ ಚಿತ್ರದಿಂದ ಗಮನ ಸೆಳೆದರು. ಅಮೆರಿಕಕ್ಕೆ ಹೋಗಿ ನಿರ್ದೇಶಿಸಿದ ಮೊದಲ ಚಿತ್ರ ‘ರೆಬೆಕ್ಕ’ (1940) ಶ್ರೇಷ್ಠ ಚಿತ್ರವೆಂಬ ಆಸ್ಕರ್ ಪಡೆಯಿತು. ಆದರೆ ಐದು ಬಾರಿ ನಾಮನಿರ್ದೇಶನಗೊಂಡರೂ ಶ್ರೇಷ್ಠ ನಿರ್ದೇಶಕನೆಂಬ ಆಸ್ಕರ್ ಅವರಿಗೆ ಎಂದೂ ಬರಲಿಲ್ಲ. 1976ರ ‘ಫ್ಯಾಮಿಲಿ ಪ್ಲಾಟ್’ ಕೊನೆಯ ಚಿತ್ರ. 1980ರ ಏಪ್ರಿಲ್ 29ರಂದು ನಿಧನ. ಬ್ರಿಟಿಷ್ ಚಲನಚಿತ್ರ ಸಂಸ್ಥೆಯ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 2012ರಲ್ಲಿ ನಡೆಸಿದ ವಿಮರ್ಶಕರ ಮತಗಣನೆಯಲ್ಲಿ ಅವರ ‘ವರ್ಟಿಗೊ’ (1958) ಸಾರ್ವಕಾಲಿಕ ಪ್ರಥಮ ಸ್ಥಾನ ಪಡೆದು, 2022ರಲ್ಲಿ ಎರಡನೆಯ ಸ್ಥಾನಕ್ಕಿಳಿಯಿತು.

ಇಷ್ಟು ದೊಡ್ಡ ಹೆಸರಿನ ಮೇಲೆ ಹುಂಡಿ ಬರೆಯಲು ಹಲವರು ಮುಂದಾಗುವುದು ಸಹಜ. ಆದರೆ ಹುಂಡಿ ಬರೆಯುವವನು ಆ ಖಾತೆಯಲ್ಲಿ ಜಮೆ ಏನಿದೆಯೆಂದು ಮೊದಲು ನೋಡಬೇಕು.

ಮುಚ್ಚಿಡುವುದಲ್ಲ, ತಿಳಿಸುವುದು

ಮೊದಲನೆಯ ಜಮೆ, ಪ್ರೇಕ್ಷಕನಿಗೆ ಮೊದಲೇ ತಿಳಿಸುವ ಧರ್ಮ. 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರುಫೊ ಅವರು ಹಿಚ್‌ಕಾಕ್‌ರೊಡನೆ ದೀರ್ಘ ಸಂದರ್ಶನ ನಡೆಸಿದರು. ಅದು 1966ರಲ್ಲಿ ಗ್ರಂಥರೂಪದಲ್ಲಿ ಬಂತು. ಅಲ್ಲಿ ಹಿಚ್‌ಕಾಕ್ ಕೊಟ್ಟ ಒಂದು ದೃಷ್ಟಾಂತ ಪ್ರಸಿದ್ಧವಾಗಿದೆ. ಮೇಜಿನ ಸುತ್ತ ಕುಳಿತವರು ಏನೋ ಸಾಮಾನ್ಯ ಮಾತನಾಡುತ್ತಿದ್ದಾರೆ. ಇದ್ದಕ್ಕಿದ್ದಂತೆ ಮೇಜಿನ ಕೆಳಗಿನ ಬಾಂಬು ಸಿಡಿಯುತ್ತದೆ. ಪ್ರೇಕ್ಷಕನಿಗೆ ದೊರೆಯುವುದು ಹದಿನೈದು ಸೆಕೆಂಡುಗಳ ಬೆಚ್ಚುವಿಕೆ. ಅದೇ ಬಾಂಬು ಅಲ್ಲಿರುವುದನ್ನೂ ಒಂದು ಗಂಟೆಗೆ ಸಿಡಿಯಲಿರುವುದನ್ನೂ ಅವನಿಗೆ ಮೊದಲೇ ತಿಳಿಸಿ, ಗೋಡೆಯ ಗಡಿಯಾರದಲ್ಲಿ ಒಂದಕ್ಕೆ ಕಾಲು ಗಂಟೆ ಉಳಿದಿರುವುದನ್ನು ತೋರಿಸಿದರೆ ಹದಿನೈದು ನಿಮಿಷಗಳ ತಳಮಳ ದೊರೆಯುತ್ತದೆ. ಆಗ ಅದೇ ಸಾಮಾನ್ಯ ಮಾತು ಅಸಹನೀಯವಾಗುತ್ತದೆ. ಪ್ರೇಕ್ಷಕನು ಪರದೆಯ ಜನರಿಗೆ ಎಚ್ಚರಿಕೆ ಕೊಡಲು ಹಾತೊರೆಯುತ್ತಾನೆ.

ಇಲ್ಲಿರುವ ಭೇದವನ್ನು ಮನಗಾಣಬೇಕು. ಬೆಚ್ಚಿಬೀಳಿಸುವವನು ಪ್ರೇಕ್ಷಕನ ನರಗಳೊಡನೆ ಆಡುತ್ತಾನೆ. ತಿಳಿಸಿ ಕಾಯಿಸುವವನು ಅವನಲ್ಲಿ ಪರರ ಪ್ರಾಣದ ಬಗ್ಗೆ ಚಿಂತೆಯನ್ನು ಹುಟ್ಟಿಸುತ್ತಾನೆ. ಮೊದಲನೆಯದಕ್ಕೆ ಕನಿಕರ ಬೇಕಾಗಿಲ್ಲ. ಎರಡನೆಯದು ಕನಿಕರವಿಲ್ಲದೆ ನಡೆಯುವುದೇ ಇಲ್ಲ.

ಹಿಚ್‌ಕಾಕ್‌ರ ಮುಖ್ಯ ಚಿತ್ರಗಳು ಈ ಮಾತಿಗೆ ಸಾಕ್ಷಿ. ‘ರೋಪ್’ (1948) ಚಿತ್ರದ ಆರಂಭದಲ್ಲಿಯೇ ಕೊಲೆ ನಡೆದು ಹೋಗುತ್ತದೆ. ಶವವಿರುವ ಪೆಟ್ಟಿಗೆಯ ಮೇಲೆಯೇ ಊಟ ಬಡಿಸಲಾಗುತ್ತದೆ. ಕೊಲೆಗಾರರು ಯಾರೆಂಬುದು ಪ್ರೇಕ್ಷಕನಿಗೆ ಗೊತ್ತು, ಅತಿಥಿಗಳಿಗೆ ಗೊತ್ತಿಲ್ಲ. ‘ಡಯಲ್ ಎಂ ಫಾರ್ ಮರ್ಡರ್’ (1954) ಚಿತ್ರದಲ್ಲಿ ಗಂಡನ ಸಂಚು ಮೊದಲೇ ಬಿಚ್ಚಿಡಲ್ಪಡುತ್ತದೆ. ‘ವರ್ಟಿಗೊ’ದ ಮೂಲವಾದ ಫ್ರೆಂಚ್ ಕಾದಂಬರಿಯು ನಾಯಕಿಯ ರಹಸ್ಯವನ್ನು ಅಂತ್ಯದವರೆಗೂ ಕಾದಿರಿಸಿತ್ತು, ಹಿಚ್‌ಕಾಕ್ ಅದನ್ನು ಬಹು ಮೊದಲೇ, ನಾಯಕನಿಗೆ ತಿಳಿಯದಂತೆ, ಪ್ರೇಕ್ಷಕನಿಗೆ ಮಾತ್ರ ಹೇಳಿಬಿಟ್ಟರು. ಅಂತ್ಯದ ತಿರುವನ್ನೇ ‘ಹಿಚ್‌ಕಾಕಿಯನ್’ ಎನ್ನುವವರು ಈ ಒಂದು ಸಂಗತಿಗೆ ಉತ್ತರ ಕೊಡಲಿ. ‘ಸೈಕೊ’ (1960) ಚಿತ್ರದಲ್ಲಿ ಕೊನೆಯವರೆಗೂ ಕಾಪಾಡಿದ ರಹಸ್ಯವಿಲ್ಲವೇ ಎಂದು ಅವರು ಕೇಳಬಹುದು. ಇದೆ. ಆದರೆ ಅದು ಗೊತ್ತಾದ ಮೇಲೆಯೂ ಜನ ಆ ಚಿತ್ರವನ್ನು ಆರು ದಶಕಗಳಿಂದ ಮತ್ತೆ ಮತ್ತೆ ನೋಡುತ್ತಿದ್ದಾರೆ. ತಿರುವಿನಿಂದ ಮಾತ್ರ ಬದುಕುವ ಚಿತ್ರವು ತಿರುವು ಬಯಲಾದ ದಿನವೇ ಸಾಯುತ್ತದೆ.

ತೋರಿಸದಿರುವ ಸಂಯಮ

ಎರಡನೆಯ ಜಮೆ, ಸಂಯಮ. ‘ಸೈಕೊ’ ಚಿತ್ರದ ಸ್ನಾನಗೃಹದ ಕೊಲೆಯೇ ರಕ್ತಪ್ರಿಯ ನಿರ್ದೇಶಕರೆಲ್ಲ ತಮ್ಮ ಆಧಾರವೆಂದು ಎತ್ತಿ ತೋರಿಸುವ ದೃಶ್ಯ. ಅದನ್ನು ಅವರು ಸರಿಯಾಗಿ ನೋಡಿದ್ದಾರೆಯೇ ಎಂಬುದೇ ಸಂದೇಹ. ಸುಮಾರು 45 ಸೆಕೆಂಡುಗಳ ಆ ದೃಶ್ಯದ ಚಿತ್ರೀಕರಣಕ್ಕೆ ಏಳು ದಿನಗಳು ಹಿಡಿದವು; ಎಪ್ಪತ್ತಕ್ಕೂ ಹೆಚ್ಚು ಕೋನಗಳಿಂದ ಕ್ಯಾಮೆರಾ ನಿಲ್ಲಿಸಲಾಯಿತು. ಇಷ್ಟು ಶ್ರಮವನ್ನು ವ್ಯಯಿಸಿದ್ದು ತೋರಿಸುವುದಕ್ಕಲ್ಲ, ತೋರಿಸದಿರುವುದಕ್ಕೆ. ಚೂರಿ ದೇಹವನ್ನು ಸೀಳುವುದು ಬಹುತೇಕ ಕಾಣುವುದೇ ಇಲ್ಲ. ಕಂಡೆನೆಂದು ಭಾವಿಸುವುದು ಪ್ರೇಕ್ಷಕನ ಮನಸ್ಸು. ಹಿಂದಿನ ವರ್ಷವಷ್ಟೇ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಚಿತ್ರವನ್ನು ವರ್ಣದಲ್ಲಿ ತೆಗೆದಿದ್ದ ನಿರ್ದೇಶಕರು ‘ಸೈಕೊ’ವನ್ನು ಕಪ್ಪು-ಬಿಳುಪಿನಲ್ಲಿ ತೆಗೆದರು, ಕೆಂಪು ರಕ್ತ ಪರದೆಯ ಮೇಲೆ ಹರಿಯಬಾರದೆಂಬುದು ಅದರ ಕಾರಣಗಳಲ್ಲೊಂದು.

ಇದಕ್ಕೆ ಮೇಲಿನ ಸಾಕ್ಷಿ 1998ರಲ್ಲಿ ದೊರೆಯಿತು. ಗಸ್ ವ್ಯಾನ್ ಸಾಂಟ್ ಎಂಬ ನಿರ್ದೇಶಕರು ‘ಸೈಕೊ’ವನ್ನು ಹೆಚ್ಚುಕಡಿಮೆ ದೃಶ್ಯಕ್ಕೆ ದೃಶ್ಯ ಅನುಸರಿಸಿ, ಅದೇ ಸಂಗೀತವನ್ನಿಟ್ಟು, ವರ್ಣದಲ್ಲಿ ಮರಳಿ ನಿರ್ಮಿಸಿದರು. ಕೋನಗಳು ಅವೇ, ಮಾತುಗಳು ಅವೇ. ಮೂಲದ ಪರಿಣಾಮ ಮಾತ್ರ ಬರಲಿಲ್ಲ. ಹೊರರೂಪದ ಸಮಸ್ತ ಲಕ್ಷಣಗಳನ್ನು ತಂದರೂ ವಿಶೇಷಣದ ಅರ್ಥ ಬಾರದಿದ್ದರೆ, ಆ ಅರ್ಥವು ಹೊರರೂಪದಲ್ಲಿಲ್ಲವೆಂಬುದು ಸಿದ್ಧ. ಇಡೀ ಚಿತ್ರವನ್ನು ನಕಲು ಮಾಡಿದವರಿಗೇ ದೊರಕದ ಗುಣವು ಪಿಟೀಲಿನ ಎರಡು ಸ್ವರವನ್ನೋ ಮೆಟ್ಟಿಲಿನ ಒಂದು ನೆರಳನ್ನೋ ಎರವಲು ತಂದವರಿಗೆ ದೊರೆಯುವುದೆಂತು?

ನೋಡುವವನ ಪಾಲು

ಮೂರನೆಯ ಜಮೆ ಎಲ್ಲಕ್ಕಿಂತ ದೊಡ್ಡದು. ನಕಲಿಗಳಲ್ಲಿ ಎಲ್ಲಕ್ಕಿಂತ ಮೊದಲು ಕಾಣೆಯಾಗುವುದೂ ಅದೇ. ನೋಡುವವನು ನಿರಪರಾಧಿಯಲ್ಲವೆಂದು ಹಿಚ್‌ಕಾಕ್‌ರ ಚಿತ್ರಗಳು ಹೇಳುತ್ತವೆ.

‘ರಿಯರ್ ವಿಂಡೊ’ (1954) ಚಿತ್ರದಲ್ಲಿ ಕಾಲು ಮುರಿದುಕೊಂಡ ಛಾಯಾಗ್ರಾಹಕನೊಬ್ಬ ಕಿಟಕಿಯ ಬಳಿ ಕುಳಿತು ಎದುರುಮನೆಗಳ ಬದುಕನ್ನು ದೂರದರ್ಶಕ ಮಸೂರದಿಂದ ನೋಡುತ್ತಿರುತ್ತಾನೆ. ಎದುರಿನವನು ಹೆಂಡತಿಯನ್ನು ಕೊಂದಿರಬೇಕೆಂಬ ಅನುಮಾನ ಹುಟ್ಟುತ್ತದೆ. ಆ ಹೆಂಡತಿ ಬದುಕಿದ್ದಾಳೆಂಬ ಸೂಚನೆ ಬಂದಾಗ ನೋಡುವವರ ಮುಖ ಅರಳುವುದಿಲ್ಲ, ಬಾಡುತ್ತದೆ. ಒಂದು ಜೀವ ಉಳಿದಿದ್ದಕ್ಕೆ ನಿರಾಶೆ! ಆ ನಿರಾಶೆ ಪರದೆಯ ಮೇಲಿನವರದು ಮಾತ್ರವಲ್ಲ, ಚಿತ್ರಮಂದಿರದಲ್ಲಿ ಕುಳಿತವರದೂ ಹೌದು. ಅದೇ ವಠಾರದಲ್ಲಿ ಯಾರೋ ಒಂದು ಸಣ್ಣ ನಾಯಿಯನ್ನು ಕೊಂದಾಗ ಅದನ್ನು ಸಾಕಿದ ಹೆಂಗಸು ಬಿಸಿಲುಮಚ್ಚಿನಿಂದ ಎಲ್ಲರನ್ನೂ ಛೀಮಾರಿ ಹಾಕುತ್ತಾಳೆ: ನೆರೆಹೊರೆಯೆಂದರೆ ಏನೆಂಬುದು ಇವರಲ್ಲಿ ಒಬ್ಬರಿಗೂ ತಿಳಿಯದೆಂದು. ಕಿಟಕಿಗಳು ತೆರೆದಿವೆ, ಬಹುತೇಕ ಎಲ್ಲರೂ ನೋಡುತ್ತಾರೆ, ಮರುಕ್ಷಣ ತಂತಮ್ಮ ಔತಣಕ್ಕೆ ಹಿಂದಿರುಗುತ್ತಾರೆ. ಒಂದು ಮೂಕಪ್ರಾಣಿಯ ಸಾವಿನ ಮುಂದೆ ಇಡೀ ವಠಾರವನ್ನು ನಿಲ್ಲಿಸಿ ವಿಚಾರಿಸುವ ಈ ದೃಶ್ಯವು ‘ಹಿಚ್‌ಕಾಕಿಯನ್’ ಎಂಬ ಶಬ್ದವನ್ನು ಬಳಸುವವರ ನೆನಪಿಗೆ ಏಕೆ ಬರುವುದಿಲ್ಲ?

‘ಸೈಕೊ’ದಲ್ಲಿ ಕೊಲೆಯಾದವಳ ಕಾರನ್ನು ಜೌಗಿಗೆ ತಳ್ಳಲಾಗುತ್ತದೆ. ಕಾರು ಮುಳುಗುತ್ತಾ ಮುಳುಗುತ್ತಾ ನಡುವೆ ಒಂದು ಗಳಿಗೆ ನಿಂತುಬಿಡುತ್ತದೆ. ಆ ಗಳಿಗೆಯಲ್ಲಿ ಪ್ರೇಕ್ಷಕನ ಉಸಿರೂ ನಿಲ್ಲುತ್ತದೆ. ಅದು ಮುಳುಗಲಿ ಎಂದು ಅವನೂ ಬಯಸುತ್ತಾನೆ. ಅಪರಾಧ ಮುಚ್ಚಿಹೋಗಲಿ ಎಂದು ಬಯಸಿದವನು ಆತನೇ! ‘ಸ್ಟ್ರೇಂಜರ್ಸ್ ಆನ್ ಎ ಟ್ರೇನ್’ (1951) ಚಿತ್ರದಲ್ಲಿ ಅಪರಿಚಿತ ಸಹಪ್ರಯಾಣಿಕನೊಬ್ಬ, ನಿನ್ನ ಶತ್ರುವನ್ನು ನಾನು ಕೊಲ್ಲುವೆ, ನನ್ನ ಶತ್ರುವನ್ನು ನೀನು ಕೊಲ್ಲು ಎಂಬ ವಿನಿಮಯವನ್ನು ಮುಂದಿಡುತ್ತಾನೆ. ನಾಯಕನು ಅದನ್ನು ಹುಚ್ಚುಮಾತೆಂದು ತಳ್ಳಿ ಹೋಗುತ್ತಾನೆ. ಆದರೆ ದಾರಿಗೆ ಅಡ್ಡಿಯಾಗಿದ್ದ ಹೆಂಡತಿ ಇಲ್ಲವಾಗಲೆಂಬ ಬಯಕೆ ಅವನ ಮನಸ್ಸಿನಲ್ಲಿ ಇಲ್ಲದಿರಲಿಲ್ಲ. ಕೊಲೆ ನಡೆದುಹೋಗುತ್ತದೆ. ಕೈ ಒಬ್ಬನದು, ಬಯಕೆ ಇನ್ನೊಬ್ಬನದು, ಲಾಭವೂ ಆ ಇನ್ನೊಬ್ಬನದೇ. ಮುಂದೆ ಆ ಕೊಲೆಗಾರನು ಮೋರಿಯೊಳಗೆ ಬಿದ್ದ ಸಿಗರೇಟು ಲೈಟರಿಗಾಗಿ ಕೈ ಚಾಚುವಾಗ ಪ್ರೇಕ್ಷಕನ ಬೆರಳುಗಳೂ ಅವನೊಡನೆ ಚಾಚಿಕೊಳ್ಳುತ್ತವೆ.

ಕೃತ, ಕಾರಿತ, ಅನುಮೋದಿತ ಎಂಬ ವಿಭಾಗವನ್ನು ಬಾಲ್ಯದಿಂದ ಕೇಳಿಬಂದ ಶ್ರಾವಕರಿಗೆ ಇಲ್ಲಿ ವಿಸ್ತಾರವಾದ ವ್ಯಾಖ್ಯಾನ ಬೇಕಾಗದು. ಹಿಚ್‌ಕಾಕ್‌ರಿಗೆ ಈ ಶಾಸ್ತ್ರದ ಪರಿಚಯವಿತ್ತೆಂದು ಹೇಳುವುದು ಹಾಸ್ಯಾಸ್ಪದ. ಅವರ ಚಿತ್ರಗಳಲ್ಲಿ ಅಪರಾಧವು ಒಬ್ಬನಿಂದ ಇನ್ನೊಬ್ಬನಿಗೆ ವರ್ಗವಾಗುವುದನ್ನು ಗುರುತಿಸಿದ ಫ್ರಾನ್ಸಿನ ಎರಿಕ್ ರೋಮೇರ್ ಮತ್ತು ಕ್ಲೋದ್ ಶಾಬ್ರೋಲ್ 1957ರ ತಮ್ಮ ಗ್ರಂಥದಲ್ಲಿ ಅದರ ಬೇರನ್ನು ಕ್ಯಾಥೊಲಿಕ್ ಸಂಸ್ಕಾರದಲ್ಲಿ ಕಂಡರು. ಬೇರು ಎಲ್ಲಿಯೇ ಇರಲಿ, ಸಮ್ಮತಿಸಿದವನಿಗೂ ಪಾಲುಂಟೆಂಬ ಸತ್ಯವನ್ನು ಪ್ರೇಕ್ಷಕನ ಅನುಭವಕ್ಕೆ ತರುವುದು ಆ ಚಿತ್ರಗಳ ಸಾರ. ಇಂದಿನ ನಕಲಿಗಳು ಅದನ್ನು ತಲೆಕೆಳಗು ಮಾಡಿವೆ. ಹಿಂಸೆಯನ್ನು ಸವಿಯಲು ಪ್ರೇಕ್ಷಕನನ್ನು ಕೂರಿಸಿ, ಅವನ ಪಾಲೇನೂ ಇಲ್ಲವೆಂದು ಭರವಸೆ ಕೊಟ್ಟು ಮನೆಗೆ ಕಳಿಸುತ್ತವೆ. ಒಂದು ಪ್ರಶ್ನಿಸುತ್ತದೆ, ಇನ್ನೊಂದು ಪುಸಲಾಯಿಸುತ್ತದೆ. ಎರಡಕ್ಕೂ ಒಂದೇ ವಿಶೇಷಣವನ್ನು ಬಳಸುವುದು ಔಷಧಕ್ಕೂ ನಂಜಿಗೂ ಒಂದೇ ಚೀಟಿ ಅಂಟಿಸಿದಂತೆ.

ಖರ್ಚಿನ ಬದಿ

ಜಮೆಯನ್ನು ಬರೆದವನು ಖರ್ಚನ್ನು ಮರೆಮಾಚಿದರೆ ಅದೂ ಕಳ್ಳಲೆಕ್ಕವೇ. ಹಿಚ್‌ಕಾಕ್‌ರ ಖಾತೆಯಲ್ಲಿ ಖರ್ಚಿನ ಬದಿ ಖಾಲಿಯಿಲ್ಲ.

‘ಸ್ಯಾಬೊಟಾಜ್’ (1936) ಚಿತ್ರದಲ್ಲಿ ಬಾಲಕನೊಬ್ಬ ತನಗೆ ತಿಳಿಯದೆ ಬಾಂಬಿನ ಪೊಟ್ಟಣವನ್ನು ಹೊತ್ತು ಲಂಡನ್ನಿನ ಬೀದಿಗಳಲ್ಲಿ ತಡಮಾಡುತ್ತಾ ಹೋಗಿ, ಬಸ್ಸಿನಲ್ಲಿ ಇತರರೊಡನೆ ಸಾಯುತ್ತಾನೆ. ಪ್ರೇಕ್ಷಕನ ಚಿಂತೆಯನ್ನು ಅಷ್ಟು ಬೆಳೆಸಿ ಮಗುವನ್ನು ಕೊಂದದ್ದು ತಪ್ಪೆಂದು ಹಿಚ್‌ಕಾಕ್‌ರೇ ಮುಂದೆ ಹೇಳಿದರು. ‘ಫ್ರೆಂಜಿ’ (1972) ಚಿತ್ರದ ಮೊದಲ ಕೊಲೆಯಲ್ಲಿ ಅವರು ತಮ್ಮ ಸಂಯಮವನ್ನೇ ಕೈಬಿಟ್ಟರು. ಹೆಣ್ಣೊಬ್ಬಳ ಸಂಕಟವನ್ನು ಅಸಹ್ಯವಾಗುವಷ್ಟು ಹೊತ್ತು ತೋರಿಸಿದರು. ಅದೇ ಚಿತ್ರದ ಇನ್ನೊಂದು ಕೊಲೆಯ ಹೊತ್ತಿನಲ್ಲಿ ಕ್ಯಾಮೆರಾ ಮುಚ್ಚಿದ ಬಾಗಿಲಿನಿಂದ ಹಿಂದೆ ಸರಿದು, ಸದ್ದಿಲ್ಲದೆ ಮೆಟ್ಟಿಲಿಳಿದು, ಏನೂ ತಿಳಿಯದೆ ಓಡಾಡುವ ಜನರ ಬೀದಿಗೆ ಬರುತ್ತದೆ. ಎರಡರಲ್ಲಿ ಯಾವುದು ‘ಹಿಚ್‌ಕಾಕಿಯನ್’? ಎರಡನೆಯದೆನ್ನಲು ಹಿಂಜರಿಯಬೇಕಾಗಿಲ್ಲ. ಹಿಚ್‌ಕಾಕ್ ಮಾಡಿದ್ದೆಲ್ಲವೂ ಆ ಹೆಸರಿನ ಗೌರವಕ್ಕೆ ಯೋಗ್ಯವಲ್ಲ; ವಿಶೇಷಣವು ಮನುಷ್ಯನಿಗಿಂತ ಖಚಿತವಾಗಿರಬೇಕು.

ಇದಕ್ಕಿಂತ ಗಂಭೀರವಾದುದು ‘ದಿ ಬರ್ಡ್ಸ್’ (1963) ಚಿತ್ರದ ಸಂಗತಿ. ಮಾಳಿಗೆಯ ಕೋಣೆಯ ದಾಳಿಯ ದೃಶ್ಯಕ್ಕಾಗಿ ನಟಿ ಟಿಪ್ಪಿ ಹೆಡ್ರನ್ ಅವರ ಮೇಲೆ ದಿನಗಟ್ಟಲೆ ಜೀವಂತ ಪಕ್ಷಿಗಳನ್ನು ಎಸೆಯಲಾಯಿತು. ಕೆಲವನ್ನು ಅವರ ಉಡುಪಿಗೆ ಕಟ್ಟಲಾಯಿತು. ಕಣ್ಣಿನ ಹತ್ತಿರ ಗಾಯವಾಗಿ, ನಿತ್ರಾಣಗೊಂಡು ಅವರು ವೈದ್ಯರ ಆದೇಶದಂತೆ ವಿಶ್ರಾಂತಿ ಪಡೆಯಬೇಕಾಯಿತು. 2016ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಹೆಡ್ರನ್ ಅವರು ಹಿಚ್‌ಕಾಕ್ ತಮ್ಮನ್ನು ಲೈಂಗಿಕವಾಗಿ ಪೀಡಿಸಿದರೆಂದೂ ಆರೋಪಿಸಿದ್ದಾರೆ. ಆ ವೇಳೆಗೆ ಉತ್ತರಿಸಬೇಕಾದವರು ಬದುಕಿರಲಿಲ್ಲ. ಆರೋಪದ ವಿಚಾರ ಹಾಗಿರಲಿ, ಪಕ್ಷಿಗಳ ವಿಚಾರದಲ್ಲಿ ಸಂದೇಹವಿಲ್ಲ. ಬಂಧಿಸಿ ಎಸೆಯಲ್ಪಟ್ಟ ಆ ಜೀವಿಗಳಿಗೂ, ಅವುಗಳ ಉಗುರಿಗೆ ಸಿಕ್ಕ ಆ ಹೆಣ್ಣುಮಗಳಿಗೂ ಅದು ನಟನೆಯಾಗಿರಲಿಲ್ಲ. ಪರದೆಯ ಮೇಲೆ ಹಿಂಸೆಯನ್ನು ಸೂಚಿಸಿ ಬಿಡುವ ಸಂಯಮವನ್ನು ಕಲಿಸಿದವರು ಪರದೆಯ ಹಿಂದೆ ಅದನ್ನು ಪಾಲಿಸಲಿಲ್ಲ. ‘ಹಿಚ್‌ಕಾಕಿಯನ್’ ಎಂಬುದನ್ನು ಬರಿಯ ಸ್ತುತಿಯಾಗಿ ಬಳಸುವವರು ಈ ಪುಟವನ್ನು ಹರಿದು ಹಾಕುತ್ತಾರೆ.

ಒಬ್ಬನ ಹೆಸರು ಅನೇಕರ ದುಡಿಮೆಯನ್ನು ನುಂಗುವುದೂ ಖರ್ಚಿನ ಬದಿಯ ಇನ್ನೊಂದು ಬಾಬತ್ತು. 1926ರಲ್ಲಿ ಹಿಚ್‌ಕಾಕ್‌ರನ್ನು ವಿವಾಹವಾದ ಆಲ್ಮಾ ರೆವಿಲ್ ಸ್ವತಃ ನುರಿತ ಸಂಕಲನಕಾರರು. ಚಿತ್ರಕಥೆಗಳಲ್ಲಿ ಅವರ ಕೈವಾಡ ಬಹಳ. ‘ಸೈಕೊ’ದ ಸ್ನಾನಗೃಹದ ದೃಶ್ಯಕ್ಕೆ ಸಂಗೀತವೇ ಬೇಡವೆಂಬುದು ಹಿಚ್‌ಕಾಕ್‌ರ ಮೊದಲ ಅಭಿಪ್ರಾಯವಾಗಿತ್ತು, ಸಂಗೀತಗಾರ ಬರ್ನಾರ್ಡ್ ಹರ್ಮನ್ ಆದರೂ ಬರೆದರು, ಕೇಳಿದ ಮೇಲೆ ನಿರ್ದೇಶಕರು ಒಪ್ಪಿದರು. ಇಂದು ಯಾವ ಪಿಟೀಲಿನ ಕಿರುಚನ್ನು ಕೇಳಿದೊಡನೆ ‘ಹಿಚ್‌ಕಾಕಿಯನ್’ ಎನ್ನುತ್ತಾರೋ ಅದು ಹಿಚ್‌ಕಾಕ್‌ರ ಮಾತನ್ನು ಮೀರಿ ಹುಟ್ಟಿದ ನಾದ!

ಎರಡು ಆಕ್ಷೇಪಗಳು

ಬಳಕೆಯೇ ಭಾಷೆಗೆ ಪ್ರಮಾಣ, ಜನ ಯಾವ ಅರ್ಥದಲ್ಲಿ ಬಳಸುವರೋ ಅದೇ ಅರ್ಥ, ಎಂದು ಕೆಲವರು ವಾದಿಸುತ್ತಾರೆ. ಸಾಮಾನ್ಯ ಶಬ್ದಗಳಿಗೆ ಈ ಮಾತು ಸಲ್ಲುತ್ತದೆ. ಹೆಸರಿನಿಂದಾದ ವಿಶೇಷಣಕ್ಕೆ ಪೂರ್ತಿಯಾಗಿ ಸಲ್ಲದು. ಅರ್ಥ ಬದಲಾಗಿದೆಯೆಂದು ಹೇಳುವವರು ಹೆಸರಿನ ಸಾಲವನ್ನು ಮಾತ್ರ ಹಿಂದಿರುಗಿಸಿಲ್ಲ. ‘ರಕ್ತಮಯ’ವೆಂದೋ ‘ತಿರುವುಳ್ಳ’ದ್ದೆಂದೋ ನೇರವಾಗಿ ಬರೆಯಬಹುದಲ್ಲ? ಹಾಗೆ ಬರೆದರೆ ಟಿಕೆಟು ಮಾರುವುದಿಲ್ಲ. ಹೆಸರಿನ ಗೌರವ ಬೇಕು, ಆ ಹೆಸರಿನ ಅಳತೆಗೆ ಒಳಪಡುವುದು ಬೇಡ. ಇದು ವಾದವಲ್ಲ, ವಂಚನೆ.

ಒಂದು ಶಬ್ದದಿಂದ ಯಾರಿಗೇನು ಕೇಡು ಎಂಬುದು ಎರಡನೆಯ ಆಕ್ಷೇಪ. ಕೇಡು ಇದೆ. ಪ್ರಮಾಣಪತ್ರವು ಪ್ರೇಕ್ಷಕನ ವಯಸ್ಸನ್ನು ಹೇಳುತ್ತದೆಯೇ ಹೊರತು ಚಿತ್ರದ ಯೋಗ್ಯತೆಯನ್ನಲ್ಲ. ಯೋಗ್ಯತೆಯ ವಿಷಯದಲ್ಲಿ ತಂದೆತಾಯಿಗಳಿಗೆ ಉಳಿದಿರುವ ಆಧಾರ ವಿಮರ್ಶಕನ ಮಾತು ಒಂದೇ. ಅದೂ ಕೆಟ್ಟರೆ ಅವರು ಎಲ್ಲವನ್ನೂ ಕುರುಡಾಗಿ ಒಪ್ಪಬೇಕು, ಇಲ್ಲವೇ ಎಲ್ಲವನ್ನೂ ಕುರುಡಾಗಿ ನಿಷೇಧಿಸಬೇಕು. ಎರಡನೆಯ ದಾರಿಯನ್ನು ಹಿಡಿದ ಹಿರಿಯರೂ ಕಡಮೆಯಿಲ್ಲ. ಹಿಚ್‌ಕಾಕ್ ಎಂಬ ಹೆಸರನ್ನೇ ಹಿಂಸೆಯ ಪರ್ಯಾಯವೆಂದು ತಿಳಿದು, ನಿರಪರಾಧಿಯೊಬ್ಬ ತಪ್ಪು ಗುರುತಿನಿಂದ ಸೆರೆಯಾಗಿ ಅವನ ಹೆಂಡತಿಯ ಮನಸ್ಸು ಒಡೆದುಹೋಗುವ ನಿಜಸಂಗತಿಯನ್ನಾಧರಿಸಿದ ‘ದಿ ರಾಂಗ್ ಮ್ಯಾನ್’ (1956) ನಂತಹ ಚಿತ್ರವನ್ನೂ ಅವರು ಬಾಗಿಲಲ್ಲೇ ತಡೆಯುತ್ತಾರೆ. ದುಡುಕಿ ಸಾಕ್ಷಿ ನುಡಿಯುವವರಿಂದ ಒಂದು ಸಂಸಾರ ಹೇಗೆ ಹಾಳಾಗುತ್ತದೆಂಬುದನ್ನು ಅಷ್ಟು ಸಮಾಧಾನದಿಂದ ಹೇಳುವ ಚಿತ್ರಗಳು ವಿರಳ. ಕಳ್ಳ ಮುದ್ರೆಯಿಂದ ನಕಲಿಗೆ ಲಾಭ, ಅಸಲಿಗೆ ಅಪಕೀರ್ತಿ. ಪೇಟೆಯ ಅನುಭವವೂ ಇದೇ ಅಲ್ಲವೇ?

ಆದುದರಿಂದ ಈ ವಿಶೇಷಣವನ್ನು ಕಂಡಾಗ ಓದುಗರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಈ ಚಿತ್ರ ಪ್ರೇಕ್ಷಕನಿಗೆ ತಿಳಿಸಿ ಕಳವಳಗೊಳಿಸುತ್ತದೆಯೋ, ಮುಚ್ಚಿಟ್ಟು ಬೆಚ್ಚಿಸುತ್ತದೆಯೋ? ಹಿಂಸೆಯನ್ನು ಸೂಚಿಸಿ ನಿಲ್ಲುತ್ತದೆಯೋ, ಬಡಿಸಿ ಉಣಿಸುತ್ತದೆಯೋ? ನೋಡಿದವನ ಪಾಲನ್ನು ಅವನಿಗೆ ತೋರಿಸುತ್ತದೆಯೋ, ಮರೆಸುತ್ತದೆಯೋ? ಮೂರರಲ್ಲಿಯೂ ಮೊದಲನೆಯ ಉತ್ತರ ಬಂದರೆ ಮಾತ್ರ ಆ ಮುದ್ರೆ ನಿಜ. ವಿಮರ್ಶಕರು ಈ ತೂಕದ ಬಟ್ಟನ್ನು ಇಟ್ಟುಕೊಳ್ಳದಿದ್ದರೆ ಗೃಹಸ್ಥರೇ ಇಟ್ಟುಕೊಳ್ಳಬೇಕು. ರಜೆಯ ದಿನಗಳಲ್ಲಿ ಯುವಕರಿಗಾಗಿ ಚಿತ್ರಗಳನ್ನು ಆರಿಸುವ ಸಂಘಗಳೂ ಟ್ರಸ್ಟುಗಳೂ ಜಾಹೀರಾತಿನ ಸಾಲನ್ನು ಓದಿ ಆರಿಸದೆ, ಒಬ್ಬರಾದರೂ ಹಿರಿಯರು ಚಿತ್ರವನ್ನು ಪೂರ್ತಿ ನೋಡಿದ ಮೇಲೆ ಆರಿಸುವುದು ಒಳ್ಳೆಯದು. ಚೀಲ ಬಿಚ್ಚಿ ನೋಡಿ ಕೊಳ್ಳುವವನನ್ನು ಯಾವ ಮುದ್ರೆಯೂ ಮೋಸಗೊಳಿಸಲಾರದು.